ಆಟಿಸಂ ಥೆರಪಿಗೆ ಸೇರಿಸುವ ಮುಂಚೆ ಏನೇನು ಕೇಳಬೇಕು

ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ವಾರದಲ್ಲೇ ಎಲ್ಲರೂ ಒಂದೊಂದು ಸೆಂಟರ್ ಹೆಸರು ಹೇಳುತ್ತಾರೆ. ದುಡ್ಡು ಕಟ್ಟುವ ಮುಂಚೆ ಸ್ವಲ್ಪ ವಿಚಾರಿಸಿ.

ಮೊದಲು, ಕಿವಿ ಪರೀಕ್ಷೆ ಆಗಿದೆಯಾ? ಕೇಳಿಸದ ಮಗುವೂ ಹೆಸರು ಕರೆದರೆ ತಿರುಗುವುದಿಲ್ಲ, ಅಲ್ವಾ. ಎಂ-ಚಾಟ್ ಅಂತ ಅಪ್ಪ-ಅಮ್ಮ ಉತ್ತರಿಸುವ ಒಂದು ಪಟ್ಟಿ ಇದೆ, ಅದರ 20 ಪ್ರಶ್ನೆ ತುಂಬಿಸಿಕೊಂಡು 'ಆಟಿಸಂ' ಅಂದುಬಿಟ್ಟರೆ ಒಪ್ಪಬೇಡಿ. ಅದು 16ರಿಂದ 30 ತಿಂಗಳ ಮಕ್ಕಳಲ್ಲಿ ಯಾರನ್ನು ಇನ್ನಷ್ಟು ನೋಡಬೇಕು ಅಂತ ತಿಳಿಯೋದಕ್ಕೆ ಇರುವುದು, ಅಷ್ಟೇ. ಖಚಿತವಾಗಿ ಹೇಳಬೇಕಾದರೆ ತಜ್ಞರು ಮಗುವಿನ ಜೊತೆ ಕೂತು ಆಡಿಸಿ ನೋಡಬೇಕು, ನಿಮ್ಮ ಹತ್ತಿರ ಹಳೆಯದೆಲ್ಲ ಕೇಳಬೇಕು. ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಆಟಿಸಂ ಗೊತ್ತಾಗುವುದಿಲ್ಲ.

ಸೆಂಟರ್‌ನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ದಿನಾ ನನ್ನ ಮಗುವಿನ ಜೊತೆ ಕೂರುವವರು ಯಾರು? ಬೋರ್ಡ್ ಮೇಲಿನ ಹೆಸರು ಒಬ್ಬರದ್ದು, ಕೂರುವವರು ಇನ್ನೊಬ್ಬರು, ಇದು ಮಾಮೂಲು. ಹೀಗೆ ಕೂರುವವರಲ್ಲಿ ಕೆಲವರ ಹತ್ತಿರ ಆರ್‌ಬಿಟಿ (ಮಗುವಿನ ಜೊತೆ ಕೂತು ಥೆರಪಿ ಮಾಡಿಸುವ ಸಹಾಯಕರು) ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಬೇಕಾದ ತರಬೇತಿ 40 ಗಂಟೆಯದ್ದು. ಅದರಲ್ಲಿ ತಪ್ಪೇನಿಲ್ಲ, ಆದರೆ ಅವರ ಕೆಲಸವನ್ನು ಹೆಚ್ಚು ಓದಿದ ಒಬ್ಬರು ಆಗಾಗ ಎದುರಿಗೇ ಕೂತು ನೋಡಲೇಬೇಕು. ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ, ಕೇಳಿ.

ಆಮೇಲೆ ಏನು ಕಲಿಸುತ್ತೀರಿ ಅಂತ ಬರೆಸಿಕೊಳ್ಳಿ. 'ಕೈ ಆಡಿಸೋದು ನಿಲ್ಲಿಸುತ್ತೇವೆ, ಕಣ್ಣಿಟ್ಟು ನೋಡಿಸುತ್ತೇವೆ' ಅಂತಷ್ಟೇ ಇದ್ದರೆ ಅದು ನೋಡುವವರ ಸಮಾಧಾನಕ್ಕೆ, ಮಗುವಿಗಲ್ಲ. ನೀರು ಕೇಳೋದು, ನೋವು ತೋರಿಸೋದು, 'ಬೇಡ' ಅನ್ನೋದು ಇರಲಿ. ಚಿತ್ರ ತೋರಿಸಿ ಅಥವಾ ಟ್ಯಾಬ್ ಒತ್ತಿ ಹೇಳಲು ಕಲಿತರೆ ಮಾತು ನಿಂತುಹೋಗುತ್ತದೆ ಅನ್ನುವುದು ಸುಮ್ನೆ ಭಯ.

ನಿಮ್ಮನ್ನು ಹೊರಗೇ ಕೂರಿಸುತ್ತಾರಾ? ಹಾಗಾದರೆ ಬೇರೆ ಕಡೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿ ಇರುವುದೇ 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ, ಗುಂಪಿನಲ್ಲಿ 9 ತರಗತಿ, ಜೊತೆಗೆ 3 ಸಲ ಮನೆ ಭೇಟಿ. ಆಟ, ಊಟ, ಸ್ನಾನದ ಹೊತ್ತಲ್ಲೇ ಹೇಗೆ ಕಲಿಸೋದು ಅಂತ ಅಲ್ಲಿ ಹೇಳಿಕೊಡುತ್ತಾರೆ.

'ರಿಸರ್ಚ್ ಆಗಿದೆ' ಅಂದರೆ ಎಷ್ಟು ಮಕ್ಕಳ ಮೇಲೆ, ಆ ಚಿಕಿತ್ಸೆ ಪಡೆಯದ ಮಕ್ಕಳಿಗೆ ಹೋಲಿಸಿದ್ದಾರಾ, ದುಡ್ಡು ಯಾರದ್ದು ಅಂತ ಕೇಳಿ. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಗಲಾಟೆ ಶುರುವಾದ 1998ರ ಲೇಖನದಲ್ಲಿ ಇದ್ದಿದ್ದು ಬರೀ 12 ಮಕ್ಕಳು, 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು. ಕೀಲೇಶನ್ (ಮೈಯಲ್ಲಿರುವ ಲೋಹ ತೆಗೆಯುತ್ತೇವೆ ಅಂತ ಔಷಧಿ ಕೊಡೋದು), ಬ್ಲೀಚ್ ಕುಡಿಸೋದು ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ, ಜೀವಕ್ಕೇ ಅಪಾಯ.

ಸೇರಿಸಿದ ಮೂರು ತಿಂಗಳಿಗೆ ಬರೆಸಿಕೊಂಡ ಪಟ್ಟಿ ಮುಂದಿಟ್ಟು ಮಾತಾಡಿ. ಮಗು ಆ ಬಾಗಿಲು ನೋಡಿದರೇ ದಿನಾ ಅಳುತ್ತಿದ್ದರೆ ಮೂರು ತಿಂಗಳೂ ಕಾಯಬೇಡಿ.