ಜರ್ಮನಿಯಲ್ಲಿ ಓದುತ್ತಾ ಊರು ಸುತ್ತುವುದು: ಕಾಸರಗೋಡಿನ ವಿದ್ಯಾರ್ಥಿಗಳಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಜರ್ಮನಿಗೆ ಓದಲು ಹೋದವರು ಮೊದಲ ರಜೆಗೇ ಪ್ಯಾರಿಸ್ಸಿನ ಟಿಕೆಟ್ ಹುಡುಕುವುದುಂಟು. ಅದಕ್ಕೆ ಮುಂಚೆ ಜರ್ಮನಿಯೊಳಗೇ ನಿಧಾನದ ರೈಲುಗಳಲ್ಲಿ ತಿರುಗಿ. ಖರ್ಚು ಕಡಿಮೆ, ಕನ್ನಡಿಗರು ನೋಡಲೇಬೇಕಾದ ಊರುಗಳೂ ಅಲ್ಲಿವೆ.

ಇದಕ್ಕೆ ಬೇಕಾದದ್ದು ಜರ್ಮನಿಯುದ್ದಕ್ಕೂ ನಡೆಯುವ ತಿಂಗಳ ಪಾಸು, ಅಂದರೆ ಡಾಯ್ಚ್‌ಲಾಂಡ್ ಟಿಕೆಟ್. 2026ರ ಜನವರಿಯಿಂದ ಇದರ ದರ ತಿಂಗಳಿಗೆ 63 ಯುರೋ. ಕೊಳ್ಳುವ ಮೊದಲು ನಿಮ್ಮ ಸೆಮಿಸ್ಟರ್ ಶುಲ್ಕದಲ್ಲೇ ಇದು ಸೇರಿದೆಯೇ ಎಂದು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಹಲವು ಕಡೆ ಸೇರಿರುತ್ತದೆ. ಇದು ಚಂದಾ ಟಿಕೆಟ್. ಬೇಡವಾದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು, ಮರೆತರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ. ಪ್ರಾದೇಶಿಕ ರೈಲು, ಎಸ್-ಬಾನ್ (ನಗರ, ಉಪನಗರಗಳ ರೈಲು), ಟ್ರಾಮ್, ಊರ ಬಸ್ಸುಗಳಲ್ಲಿ ನಡೆಯುತ್ತದೆ. ಐಸಿಇ, ಐಸಿ ಎಂಬ ದೂರದೂರಿನ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಈ ಟಿಕೆಟಿಗೆ ಸಲ್ಲುವ ರೈಲುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ. ರೈಲು ಬದಲಿಸುವಲ್ಲಿ ಕನಿಷ್ಠ 15–20 ನಿಮಿಷದ ಬಿಡುವು ಇಟ್ಟುಕೊಳ್ಳಿ. ಅಲ್ಲಿ ರೈಲು ತಡವಾಗುವುದು ಮಾಮೂಲು, ಐದು ನಿಮಿಷದ ಲೆಕ್ಕ ಹಾಕಿದವರು ರಾತ್ರಿ ಯಾವುದೋ ನಿಲ್ದಾಣದಲ್ಲಿ ಉಳಿಯಬೇಕಾಗುತ್ತದೆ.

ಮೊದಲ ಪ್ರವಾಸಕ್ಕೆ ಸ್ಟುಟ್‌ಗಾರ್ಟ್–ಎಸ್ಲಿಂಗೆನ್–ಟ್ಯೂಬಿಂಗೆನ್ ದಾರಿ ಹಿಡಿಯಿರಿ, ಬೆಳಿಗ್ಗೆ ಹೊರಟರೆ ಒಂದೇ ದಿನದಲ್ಲಿ ಮುಗಿಯುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದ ಕಿಟ್ಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಟ್ಯೂಬಿಂಗೆನ್‌ನಲ್ಲಿ. ಮಲಯಾಳಂ ನಿಘಂಟಿನ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ; ಅವರ ಸಂಗ್ರಹದ ಹಸ್ತಪ್ರತಿಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಎರಡೂ ಭಾಷೆ ಬಲ್ಲ ಕಾಸರಗೋಡಿನವರಿಗೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ಹಳೆಯ ಕಾಗದಪತ್ರ ನೋಡುವ ಆಸೆಯಿದ್ದರೆ ಗ್ರಂಥಾಲಯಕ್ಕೆ ಮೊದಲೇ ಇಮೇಲ್ ಬರೆದು ಅನುಮತಿ ಕೇಳಿ. ಶನಿವಾರ ಹೊರಡುವುದಾದರೆ ಶುಕ್ರವಾರವೇ ಸಾಮಾನು ತಂದಿಡಿ, ಭಾನುವಾರ ಅಂಗಡಿಗಳಿಗೆ ರಜೆ.

ಈ ಮೂವರೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು. ಆ ಬಾಸೆಲ್ ಊರು ಸ್ವಿಟ್ಜರ್ಲೆಂಡಿನಲ್ಲಿದೆ. ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿನ ಬಾಡಿಶರ್ ಬಾನ್‌ಹೋಫ್ ನಿಲ್ದಾಣದವರೆಗೂ ನಡೆಯುತ್ತದೆ. ಆದರೆ ಐರೋಪ್ಯ ಒಕ್ಕೂಟದ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡಿಗೆ ಅನ್ವಯಿಸದು. ಗಡಿಗೆ ಮೊದಲೇ ಮೊಬೈಲ್ ಡೇಟಾ ಆಫ್ ಮಾಡದಿದ್ದರೆ ದೊಡ್ಡ ಬಿಲ್ ಬರಬಹುದು. ಜರ್ಮನ್ ವಾಸದ ಪರವಾನಗಿ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಯ ಯುರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಪಾಸ್‌ಪೋರ್ಟ್, ಪರವಾನಗಿ ಕಾರ್ಡ್ ಎರಡೂ ಮೂಲಪ್ರತಿಯೇ ಬೇಕು, ಫೋನಿನಲ್ಲಿರುವ ಫೋಟೊ ಸಾಲದು. ಲಂಡನ್‌ಗೆ, ಡಬ್ಲಿನ್‌ಗೆ ಬೇರೆಯೇ ವೀಸಾ. ಪರವಾನಗಿ ನವೀಕರಣಕ್ಕೆ ಕೊಟ್ಟು ಹೊಸ ಕಾರ್ಡಿಗೆ ಕಾಯುತ್ತಿರುವಾಗ ಗಡಿ ದಾಟುವ ಟಿಕೆಟ್ ಕಾಯ್ದಿರಿಸಬೇಡಿ.

ಊರಿನಿಂದ ತಿಂಡಿ ಕಟ್ಟುವಾಗ ಎಚ್ಚರ. ಹಾಲು, ಮಾಂಸದ ಪದಾರ್ಥ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ಅಮ್ಮ ಕಾಯಿಸಿದ ತುಪ್ಪ, ಪೇಡೆ ಎಲ್ಲವೂ ಅದರಲ್ಲೇ ಬರುತ್ತವೆ. ಹಸಿ ಕರಿಬೇವು, ಕೆಸುವಿನ ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೊಬ್ಬರಿಯನ್ನು ವಿಮಾನಕ್ಕೇ ಹತ್ತಿಸುವುದಿಲ್ಲ, ಎಣ್ಣೆ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಗೆ ತೊಂದರೆಯಿಲ್ಲ. ಉಪ್ಪಿನಕಾಯಿ ಚೆಕ್-ಇನ್ ಚೀಲದಲ್ಲಿರಲಿ.

ಅಲ್ಲಿನ ಗೆಳೆಯರನ್ನು ಊಟಕ್ಕೆ ಕರೆಯಿರಿ, ಅವರ ಮನೆಮಾತು ಕೇಳಲು ಅದೇ ಒಳ್ಳೆಯ ದಾರಿ. ಏಳು ಗಂಟೆ ಎಂದರೆ ಏಳಕ್ಕೇ ಬರುತ್ತಾರೆ, ಅಡುಗೆ ಆಗಿರಬೇಕು. ಅಲರ್ಜಿ ಇದೆಯೇ, ಹಾಲು ಮೊಟ್ಟೆಯನ್ನೂ ಬಿಟ್ಟವರೇ ಎಂದು ಮುಂಚೆಯೇ ಕೇಳಿ. ನೀರುದೋಸೆ, ತೆಂಗಿನಕಾಯಿ ಚಟ್ನಿ ಹಾಲು ಮೊಟ್ಟೆ ಬಿಟ್ಟವರಿಗೂ ಸಲ್ಲುತ್ತದೆ. ಒಗ್ಗರಣೆಯ ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಬಡಿದುಕೊಳ್ಳುತ್ತದೆ. ಕಿಟಕಿ ತೆರೆದು, ಕಾರಿಡಾರಿನ ಬಾಗಿಲು ಮುಚ್ಚಿ, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸಿ. ರಾತ್ರಿ 10ರ ನಂತರ ಹಾಡು, ಚೆಂಡೆ ಬೇಡ.