ಕಾರ್ಖಾನೆ ಕೆಲಸ ಹೋದರೆ ಇಎಸ್‌ಐ ನಿರುದ್ಯೋಗ ಭತ್ಯೆ ಪಡೆಯುವುದು ಹೇಗೆ?

ಆರ್ಡರ್ ಇಲ್ಲವೆಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಮುಚ್ಚುವಾಗ ಒಬ್ಬೊಬ್ಬರನ್ನೇ ಎಚ್‌ಆರ್ ಕೋಣೆಗೆ ಕರೆದು, ‘ಇಲ್ಲೊಂದು ಸಹಿ ಹಾಕಿ, ಸೆಟಲ್‌ಮೆಂಟ್ ಬೇಗ ಆಗುತ್ತೆ’ ಎನ್ನುವುದುಂಟು. ಆ ಹಾಳೆ ರಾಜೀನಾಮೆ ಪತ್ರವಾಗಿದ್ದರೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದಿ ಹೇಳುವವರು ಸಿಗುವವರೆಗೆ ಕಾಯಿರಿ. ರಾಜೀನಾಮೆ ಕೊಟ್ಟವರು ತಾವಾಗಿಯೇ ಕೆಲಸ ಬಿಟ್ಟವರೆಂದು ಲೆಕ್ಕ. ಅವರಿಗೆ ಕೆಲಸ ಕಳೆದುಕೊಂಡ ಪರಿಹಾರವೂ ಇಲ್ಲ, ಕೆಳಗೆ ಹೇಳುವ ಎರಡು ವರ್ಷದ ಭತ್ಯೆಯೂ ಇಲ್ಲ.

ಆ ಭತ್ಯೆ ಇಎಸ್‌ಐನ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ, ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯದು. 2005ರ ಏಪ್ರಿಲ್ 1ರಿಂದ ಇದ್ದರೂ ಇದನ್ನು ಕೇಳಿ ಪಡೆಯುವವರು ಕಡಿಮೆ. ಕಾರ್ಖಾನೆ ಮುಚ್ಚಿದ್ದರೆ ಅಥವಾ ನಿಮ್ಮನ್ನು ರಿಟ್ರೆಂಚ್‌ಮೆಂಟ್ ಮಾಡಿದ್ದರೆ (ನಿಮ್ಮ ತಪ್ಪಿಲ್ಲದೆ ಕಂಪನಿಯೇ ಕೆಲಸದಿಂದ ತೆಗೆದಿದ್ದರೆ), ಮತ್ತು ಕನಿಷ್ಠ 2 ವರ್ಷ ಇಎಸ್‌ಐ ವಂತಿಗೆ ಕಟ್ಟಿದ್ದರೆ, ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇ 50, ನಂತರದ 12 ತಿಂಗಳು ಶೇ 25 ಸಿಗುತ್ತದೆ. ಭತ್ಯೆ ಪಡೆಯುವಷ್ಟು ಕಾಲ ಮನೆಯವರಿಗೆಲ್ಲ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆಯೂ ಮುಂದುವರಿಯುತ್ತದೆ. ಬೇರೆ ಕಸುಬು ಕಲಿಯುವವರಿಗೆ ತರಬೇತಿಯ ನೆರವೂ ಉಂಟು. ಹೊಸ ಕೆಲಸಕ್ಕೆ ಸೇರಿದ ದಿನ ಭತ್ಯೆ ನಿಲ್ಲುತ್ತದೆ. ಲಾಕೌಟ್ ಆದ (ಮಾಲೀಕರೇ ಬೀಗ ಹಾಕಿ ಕೆಲಸ ನಿಲ್ಲಿಸಿದ) ದಿನಗಳಿಗೆ, ಕಾನೂನುಬಾಹಿರ ಮುಷ್ಕರಕ್ಕೆ, ನಿವೃತ್ತಿಯ ವಯಸ್ಸು ಮುಟ್ಟಿದವರಿಗೆ ಇದು ಅನ್ವಯಿಸದು.

ಕೆಲಸ ಹೋಗುವ ದಿನ ಮೊದಲು ಕೇಳಬೇಕಾದದ್ದು ಲಿಖಿತ ನೋಟಿಸ್. ಅದರಲ್ಲಿ ‘ರಿಟ್ರೆಂಚ್‌ಮೆಂಟ್’ ಅಥವಾ ‘ಕಾರ್ಖಾನೆ ಮುಚ್ಚುವಿಕೆ’ ಎಂಬ ಕಾರಣವೂ ಕೊನೆಯ ದಿನಾಂಕವೂ ಇರಬೇಕು. ‘ಲೇ-ಆಫ್’ ಎಂದಷ್ಟೇ ಬರೆದಿದ್ದರೆ ಅದರ ಅರ್ಥ ಬೇರೆ: ಕೆಲಸ ತಾತ್ಕಾಲಿಕವಾಗಿ ನಿಂತಿದೆ, ನೀವಿನ್ನೂ ಆ ಕಾರ್ಖಾನೆಯವರೇ.

ಎರಡನೆಯ ತೊಡಕು ಕಂಪ್ಯೂಟರಿನಲ್ಲಿದೆ, ಬಹಳ ಅರ್ಜಿಗಳು ಎಡವುವುದೇ ಇಲ್ಲಿ. ಇಎಸ್‌ಐಗೆ ಕೊನೆಯ ತಿಂಗಳ ವಂತಿಗೆ ಸಲ್ಲಿಸುವಾಗ ಕಂಪನಿ ನಿಮ್ಮ ಹೆಸರಿನೆದುರು ಒಂದು ಕಾರಣ ಆರಿಸುತ್ತದೆ. ಅಲ್ಲಿ ‘ರಿಟ್ರೆಂಚ್‌ಮೆಂಟ್’ ಎಂಬ ಆಯ್ಕೆ ಇದ್ದರೂ ರೂಢಿಯಂತೆ ‘ಲೆಫ್ಟ್ ಸರ್ವೀಸ್’ (ಕೆಲಸ ಬಿಟ್ಟಿದ್ದಾರೆ) ಒತ್ತಿಬಿಡುತ್ತಾರೆ. ನೋಟಿಸ್‌ನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಇದ್ದರೆ ಶಾಖಾ ಕಚೇರಿ ಪ್ರಶ್ನೆ ಎತ್ತುತ್ತದೆ. ಗೇಟು ದಾಟುವ ಮೊದಲೇ ಯಾವ ಕಾರಣ ಹಾಕಿದ್ದಾರೆಂದು ಕೇಳಿ, ತಪ್ಪಿದ್ದರೆ ಲಿಖಿತವಾಗಿ ತಿದ್ದಿಸಿ.

ನೋಟಿಸ್, ಇಎಸ್‌ಐ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೊನೆಯ ಸಂಬಳದ ಚೀಟಿಗಳನ್ನು ಹಿಡಿದು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಆಸ್ಪತ್ರೆಗಲ್ಲ, ಹಣದ ವ್ಯವಹಾರ ನೋಡುವ ಶಾಖೆಗೆ. ನಿರುದ್ಯೋಗ ಭತ್ಯೆಯ ನಮೂನೆ ಕೇಳಿ ತುಂಬಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಆಧಾರ್, ಇಎಸ್‌ಐ, ಬ್ಯಾಂಕ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇರಲಿ. ಮದುವೆಯ ನಂತರ ಹೆಸರು ಬದಲಾದವರು ಇದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ಎರಡು ವರ್ಷ ವಂತಿಗೆ ಇದ್ದೂ ರಿಟ್ರೆಂಚ್‌ಮೆಂಟ್ ಪತ್ರ ಸಿಗದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ವಿಚಾರಿಸಬೇಕು. ಇದು 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಆರಂಭವಾಗಿ ಅವಧಿ ವಿಸ್ತರಣೆಯ ಮೇಲೆ ನಡೆದುಬಂದಿದೆ. ಆದ್ದರಿಂದ ಅದು ಈಗ ಜಾರಿಯಲ್ಲಿದೆಯೇ ಎಂದು ಶಾಖೆಯಲ್ಲಿ ಕೇಳಿಯೇ ಅರ್ಜಿ ಹಾಕಿ. ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನ, ದಿನಗೂಲಿಯ ಶೇ 50. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಿ 78 ದಿನದ ವಂತಿಗೆ ಬೇಕು. ಏಪ್ರಿಲ್–ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್–ಮಾರ್ಚ್ ಇನ್ನೊಂದು. ಒಂದೇ ಕಾಲಕ್ಕೆ ಎರಡೂ ಯೋಜನೆಯ ಹಣ ಸಿಗುವುದಿಲ್ಲ.

ಇವೆಲ್ಲ ಇಎಸ್‌ಐ ಕೊಡುವುದು. ಕಂಪನಿ ಕೊಡಬೇಕಾದದ್ದು ಬೇರೆ, ಒಂದು ಪಡೆದರೆ ಇನ್ನೊಂದು ತಪ್ಪುವುದಿಲ್ಲ. ವರ್ಷ ತುಂಬಿದವರಿಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಆ ಅವಧಿಯ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ. ತಿಂಗಳಿಗೆ 13,000 ರೂಪಾಯಿಯವರು 6 ವರ್ಷ 8 ತಿಂಗಳು ದುಡಿದಿದ್ದರೆ, ಆರು ತಿಂಗಳು ಮೀರಿದ್ದಕ್ಕೆ 7 ವರ್ಷವೆಂದು ಹಿಡಿದು 6,500 × 7 = 45,500. ಗ್ರ್ಯಾಚುಟಿ (ದೀರ್ಘ ಸೇವೆಗೆ ಕೊಡುವ ಇಡಿಗಂಟು) ಇದರ ಮೇಲೆ: ಆ 13,000 ಪೂರ್ತಿ ಮೂಲವೇತನ ಮತ್ತು ತುಟ್ಟಿಭತ್ಯೆಯೇ ಆಗಿದ್ದರೆ 26ರಿಂದ ಭಾಗಿಸಿ, 15ರಿಂದ ಗುಣಿಸಿ 7,500. ಅದನ್ನು 7 ವರ್ಷಕ್ಕೆ ಲೆಕ್ಕ ಹಾಕಿದರೆ 52,500. ‘ಸೆಟಲ್‌ಮೆಂಟ್’ ಎಂದು ಒಂದೇ ಮೊತ್ತ ಹೇಳಿದರೆ ಯಾವುದಕ್ಕೆ ಎಷ್ಟೆಂದು ಬಿಡಿಸಿ ಬರೆಸಿಕೊಳ್ಳಿ. ಕೊಡದಿದ್ದರೆ, ಬಲವಂತದಿಂದ ರಾಜೀನಾಮೆ ಬರೆಸಿಕೊಂಡಿದ್ದರೆ, ಆ ವಾರವೇ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.