ಕರೆಂಟ್ ಹೋಗಿ ಬಂದರೂ ಫೈಲ್ ಸರ್ವರ್ ತಾನಾಗಿ ಏಳಬೇಕಾ? ಹೀಗೆ ಮಾಡಿ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಸಣ್ಣ ವರ್ಕ್‌ಶಾಪಿಗೆ ದುಬಾರಿ ಸರ್ವರ್ ಬೇಕಿಲ್ಲ. ಮೂಲೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಮತ್ತು ಸಾಂಬಾ (ನೆಟ್‌ವರ್ಕ್ ಮೂಲಕ ವಿಂಡೋಸ್ ಕಂಪ್ಯೂಟರುಗಳಿಗೆ ಫೈಲ್ ಹಂಚುವ ತಂತ್ರಾಂಶ) ಹಾಕಿದರೆ ಸಾಕು, ಡ್ರಾಯಿಂಗ್, ಬಿಲ್ಲು ಎಲ್ಲಾ ಒಂದೇ ಕಡೆ ಸಿಗುತ್ತವೆ. ತೊಂದರೆ ಶುರುವಾಗುವುದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ. ಬೆಳಿಗ್ಗೆ ಒಂದೇ ಮಾತು: "ಸಾಹೇಬ್ರ, ಡ್ರಾಯಿಂಗ್ ಸಿಗವಲ್ದು ನೋಡ್ರಿ." ಸಾಂಬಾ ಗೊತ್ತಿದ್ದವರು ಯಾರಾದರೂ ಬರುವವರೆಗೆ ಕೆಲಸ ನಿಂತಿತು.

ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇದೆ ಎಂದುಕೊಂಡು ಬರೆದಿದ್ದೇನೆ. ಕಮಾಂಡುಗಳನ್ನು ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಯಂತ್ರವೇ ಏಳಬೇಕಲ್ವಾ? ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ, ಪವರ್ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದಾಗ ಏನು ಮಾಡಬೇಕು ಎಂಬಲ್ಲಿ 'ಪವರ್ ಆನ್' ಆರಿಸಿ. ಬೋರ್ಡಿನಿಂದ ಬೋರ್ಡಿಗೆ ಇದರ ಹೆಸರು ಬೇರೆ ಇರುತ್ತದೆ. ರೂಟರಿನಲ್ಲಿ ಸರ್ವರಿಗೆ ಒಂದೇ ಐಪಿ ವಿಳಾಸ ಸಿಗುವಂತೆಯೂ ಕಟ್ಟಿಡಿ.

ಈಗ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಸಾಂಬಾದಲ್ಲಿ ಫೈಲ್ ಹಂಚುವ ಕೆಲಸ ಎಸ್‌ಎಂಬಿಡಿ ಎಂಬ ಸರ್ವಿಸಿನದು. ಇಲ್ಲಿ 'ಸ್ಟಾರ್ಟ್' ಮತ್ತು 'ಎನೇಬಲ್' ಬೇರೆ ಬೇರೆ. ಸ್ಟಾರ್ಟ್ ಎಂದರೆ ಈಗ ಓಡಿಸು, ಅಷ್ಟೇ. ಎನೇಬಲ್ ಎಂದರೆ ಪ್ರತಿ ಸಲ ಬೂಟ್ ಆದಾಗಲೂ ಓಡಿಸು. ಎರಡೂ ಒಟ್ಟಿಗೆ ಬೇಕಾದರೆ:

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಎಸ್‌ಎಂಬಿಡಿ

ಉಬುಂಟುವಿನಲ್ಲಿ ಸಾಂಬಾ ಹಾಕಿದ ಕೂಡಲೇ ಇದು ತಾನಾಗಿ ಎನೇಬಲ್ ಆಗಿರುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಹಾಗಲ್ಲ, ನೀವೇ ಮಾಡಬೇಕು. ಅಲ್ಲಿ ಸರ್ವಿಸ್ ಹೆಸರೂ ಬರೀ ಎಸ್‌ಎಂಬಿ. ಆಗಿದೆಯೋ ಇಲ್ಲವೋ ನೋಡಲು 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಎಸ್‌ಎಂಬಿಡಿ' ಕೊಡಿ.

ಜೊತೆಗೆ ಬರುವ ಎನ್‌ಎಂಬಿಡಿ ಹಳೇ ಕಾಲದ ನೆಟ್‌ಬಯಾಸ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಹೆಸರಿನಿಂದ ಹುಡುಕುವ ಪದ್ಧತಿ) ಹೆಸರುಗಳಿಗಾಗಿ ಇರುವಂಥದ್ದು. ವಿಂಡೋಸ್ 10ರಲ್ಲಿ 2017ರಿಂದಲೇ ಹಳೇ ಎಸ್‌ಎಂಬಿ 1 (ಫೈಲ್ ಹಂಚುವ ನೆಟ್‌ವರ್ಕ್ ಭಾಷೆಯ ಮೊದಲ ಆವೃತ್ತಿ) ತಾನಾಗಿ ಬರುವುದು ನಿಂತಿದೆ. ನೆಟ್‌ವರ್ಕ್ ಪಟ್ಟಿಯ ಹಳೇ ವಿಧಾನ ಅದನ್ನೇ ನೆಚ್ಚಿತ್ತು. ಹಾಗಾಗಿ ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರ್ ಕಾಣಿಸಲು ಡಬ್ಲ್ಯುಎಸ್‌ಡಿಡಿ ಎಂಬ ಇನ್ನೊಂದು ಸರ್ವಿಸ್ ಬೇಕು. ನನ್ನ ಸಲಹೆ ಕೇಳಿದರೆ ಎನ್‌ಎಂಬಿಡಿ, ಡಬ್ಲ್ಯುಎಸ್‌ಡಿಡಿ ಎರಡೂ ಬೇಡ. ಐಪಿ ವಿಳಾಸ ಹಾಕಿ ಎಲ್ಲರ ಕಂಪ್ಯೂಟರಿನಲ್ಲೂ ಡ್ರೈವ್ ಮ್ಯಾಪ್ ಮಾಡಿಬಿಡಿ (ಸರ್ವರಿನ ಫೋಲ್ಡರ್ ಒಂದು ಡ್ರೈವ್‌ನಂತೆ ಕಾಣುತ್ತದೆ). ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಇಲ್ಲದ ಆಫೀಸಿಗೆ, ಅದಕ್ಕಾಗಿ ಇರುವ ವಿನ್‌ಬೈಂಡ್ ಸರ್ವಿಸ್ ಕೂಡ ಸುಮ್ನೆ ಹೊರೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ತಲೆನೋವು ಡಿಸ್ಕಿನದು.

ಫೈಲುಗಳು ಬೇರೆ ಡಿಸ್ಕಿನಲ್ಲಿದ್ದು, ಅದು /ಎಸ್‌ಆರ್‌ವಿ/ಡೇಟಾ ಎಂಬಲ್ಲಿ ಮೌಂಟ್ ಆಗುತ್ತದೆ, ಅಂದರೆ ಆ ಫೋಲ್ಡರಿಗೆ ಜೋಡಣೆಯಾಗುತ್ತದೆ ಎನ್ನಿ. ಯುಎಸ್‌ಬಿ ಡಿಸ್ಕ್ ಏಳುವುದು ತುಸು ತಡ. ಅಷ್ಟರಲ್ಲಿ ಸಾಂಬಾ ಎದ್ದು ಖಾಲಿ ಫೋಲ್ಡರನ್ನೇ ಹಂಚಿಬಿಡುತ್ತದೆ. ಅಕೌಂಟ್ಸ್‌ನವರು ಅದಕ್ಕೇ ಹೊಸ ಬಿಲ್ಲು ಸೇವ್ ಮಾಡುತ್ತಾರೆ. ಅದು ಬೀಳುವುದು ಸಿಸ್ಟಮ್ ಡಿಸ್ಕಿಗೆ. ಮಧ್ಯಾಹ್ನ ಯಾರೋ ಡೇಟಾ ಡಿಸ್ಕ್ ಮೌಂಟ್ ಮಾಡಿದರೆ ಹಳೇ ಫೈಲುಗಳೆಲ್ಲ ಬರುತ್ತವೆ, ಬೆಳಗಿನ ಬಿಲ್ಲು ಮಾಯ! ಅದು ಅಳಿಸಿಹೋಗಿಲ್ಲ, ಮೌಂಟ್ ಆದ ಡಿಸ್ಕಿನ ಕೆಳಗೆ ಮುಚ್ಚಿಹೋಗಿದೆ. ಅನ್‌ಮೌಂಟ್ ಮಾಡಿ ನೋಡಿದರೆ ಸಿಗುತ್ತದೆ.

ಇದನ್ನು ತಪ್ಪಿಸಲು ಎರಡು ಕೆಲಸ. ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿ) ಡಿಸ್ಕನ್ನು ಎಸ್‌ಡಿಬಿ1 ಎಂದು ಬರೆಯಬೇಡಿ, ಆ ಹೆಸರು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. 'ಸುಡೋ ಬಿಎಲ್‌ಕೆಐಡಿ' ಕೊಟ್ಟರೆ ಬರುವ ಯುಯುಐಡಿ (ಡಿಸ್ಕಿನ ಬದಲಾಗದ ಗುರುತು) ಹಾಕಿ. ಅದೇ ಸಾಲಿನ ಆಯ್ಕೆಗಳಲ್ಲಿ 'ನೋಫೇಲ್' ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಇಡೀ ಕಂಪ್ಯೂಟರ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ.

ಆಮೇಲೆ 'ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಎಸ್‌ಎಂಬಿಡಿ' ಕೊಡಿ. ತೆರೆದ ಫೈಲಿನಲ್ಲಿ ಈ ಎರಡು ಸಾಲು ಬರೆದು ಸೇವ್ ಮಾಡಿ:

[ಯೂನಿಟ್]
ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಸ್‌ಆರ್‌ವಿ/ಡೇಟಾ

ಎರಡನೇ ಸಾಲಿನಲ್ಲಿ = ಚಿಹ್ನೆಗೆ ಮುಂಚಿನ ಮೂರು ಪದಗಳ ನಡುವೆ ಜಾಗ ಬೇಡ. ಯೂನಿಟ್‌ನದೂ ಸೇರಿ ಈ ಪ್ರತಿ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, = ಆದ ಮೇಲಿನದೆಲ್ಲ ಸಣ್ಣಕ್ಷರ. ಇನ್ನು ಮೇಲೆ ಡಿಸ್ಕ್ ಬರುವವರೆಗೆ ಸಾಂಬಾ ಕಾಯುತ್ತದೆ. ಮಾಮೂಲಿ ಗಡುವು 90 ಸೆಕೆಂಡ್. ಅಷ್ಟರಲ್ಲೂ ಬರದಿದ್ದರೆ ಸಾಂಬಾ ಏಳುವುದೇ ಇಲ್ಲ. ಖಾಲಿ ಫೋಲ್ಡರ್ ತೋರಿಸುವುದಕ್ಕಿಂತ ಅದೇ ವಾಸಿ.

ಕೊನೆಗೆ ಪರೀಕ್ಷೆ. ಒಮ್ಮೆ ಮಾಮೂಲಿಯಾಗಿ ರೀಬೂಟ್ ಮಾಡಿ, ಕೀಬೋರ್ಡ್ ಮುಟ್ಟದೆ ಬೇರೆ ಕಂಪ್ಯೂಟರಿನಿಂದ ಫೈಲ್ ತೆರೆಯಿರಿ. ಇನ್ನೊಮ್ಮೆ ಶಟ್‌ಡೌನ್ ಮಾಡಿ, ಡೇಟಾ ಡಿಸ್ಕಿನ ವೈರ್ ಬಿಚ್ಚಿ ಆನ್ ಮಾಡಿ. ಶೇರ್ (ಹಂಚಿದ ಫೋಲ್ಡರ್) ತೆರೆದುಕೊಳ್ಳಬಾರದು. 'ಸುಡೋ ಜರ್ನಲ್‌ಸಿಟಿಎಲ್ -ಬಿ -ಯು ಎಸ್‌ಎಂಬಿಡಿ' ಕೊಟ್ಟರೆ 'ಡಿಪೆಂಡೆನ್ಸಿ ಫೇಲ್ಡ್' ಎಂಬ ಸಾಲು ಕಾಣಬೇಕು. ಕಂಡರೆ ವೈರ್ ಹಾಕಿ, 'ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಸ್‌ಎಂಬಿಡಿ' ಕೊಡಿ. ಡಿಸ್ಕನ್ನು ಅದೇ ಮೌಂಟ್ ಮಾಡಿಕೊಂಡು ಏಳುತ್ತದೆ.